ಎರಡು ಸೀಟಿನ ಕಾರು, ಎಣ್ಣೆಯ ಕಾವು

ನಮ್ಮ ಮನೆಗೆ ಬಂದ ಆ ಕಾರಿಗೆ ಇದ್ದದ್ದು ಎರಡೇ ಸೀಟು. ಮನೆಯಲ್ಲಿ ಇರುವವರು ಮೂವರು: ನಾನು, ನನ್ನ ಗಂಡ, ನನ್ನ ಅತ್ತೆ. ಮೂರರಲ್ಲಿ ಎರಡು ಕಳೆದರೆ ಒಂದು ಉಳಿಯುತ್ತದೆ ಎಂಬುದು ಒಂದನೇ ಇಯತ್ತೆಯ ಲೆಕ್ಕ. ಆ ಉಳಿಯುವ ಒಂದು ನಾನೇ ಎಂದು ತಿಳಿಯಲು ನನಗೆ ಅರ್ಧ ತಾಸೂ ಬೇಕಾಗಲಿಲ್ಲ.

ನನ್ನ ಗಂಡನದು ಶಹಾಬಾದಿನಲ್ಲಿ ಫರ್ಸಿ ಪಾಲಿಶ್ ಮಾಡುವ ಯಾರ್ಡು. ನೆಲಕ್ಕೆ ಹಾಸುವ ಕಲ್ಲಿಗೆ ನಮ್ಮಲ್ಲಿ ಫರ್ಸಿ ಅನ್ನುತ್ತಾರೆ. ಎರಡು ಮಷೀನು, ನಾಲ್ಕು ಆಳು, ಮೇಲೆ ತಗಡಿನ ಚಾವಣಿ. ಕಲ್ಲಿನ ಮೇಲೆ ಅಳತೆ ಗುರುತು ಮಾಡಲು ಅವರ ಅಂಗಿಯ ಕಿಸೆಯಲ್ಲಿ ಸದಾ ಒಂದು ಸೀಮೆಸುಣ್ಣ. ಮದುವೆಯಾದ ಹೊಸತರಲ್ಲಿ ನಾನು ಮೊದಲ ಸಲ ಯಾರ್ಡಿಗೆ ಹೋದಾಗ ಒಂದು ಫರ್ಸಿಯ ಮೇಲೆ ತಗ್ಗಾದ, ಉದ್ದ ಮೂಗಿನ ಕಾರಿನ ಚಿತ್ರ ಬರೆದಿತ್ತು. ಆಮೇಲೆ ಇಪ್ಪತ್ತೆರಡು ವರ್ಷ, ಹೋದಾಗಲೆಲ್ಲ ಯಾವುದಾದರೊಂದು ಕಲ್ಲಿನ ಮೇಲೆ ಅದೇ ಕಾರು. ಪಾಲಿಶಿಗೆ ಹಾಕಿದರೆ ಅಳಿಸಿಹೋಗುತ್ತಿತ್ತು, ಮರುದಿನ ಬೇರೆ ಕಲ್ಲಿನ ಮೇಲೆ ಬರುತ್ತಿತ್ತು. ಇದು ನನಗೆ ಬೇಕು ಎಂದು ಅವರು ಬಾಯಿಬಿಟ್ಟು ಹೇಳಿದ್ದನ್ನು ನಾನು ಒಂದು ದಿನವೂ ಕೇಳಲಿಲ್ಲ.

ಅವರ ಸ್ವಭಾವವೇ ಹಾಗೆ. ಹೇಳುವುದಿಲ್ಲ, ಕೇಳುವುದೂ ಇಲ್ಲ. ಊಟಕ್ಕೆ ಸಾರು ಇನ್ನಷ್ಟು ಬೇಕಾದರೂ ಪಾತ್ರೆಯ ಕಡೆ ನೋಡುತ್ತಾರೆ ಅಷ್ಟೆ. ನನ್ನದು ತದ್ವಿರುದ್ಧ. ಮನಸ್ಸಿನಲ್ಲಿ ಬಂದದ್ದು ನಾಲಿಗೆಯ ಮೇಲೆ ಬರಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಹೀಗೆ ಒಬ್ಬರು ಮಾತಾಡದೆ, ಒಬ್ಬರು ಇಬ್ಬರ ಪಾಲಿನದೂ ಮಾತಾಡಿ ನಮ್ಮ ಸಂಸಾರ ಆರಾಮಾಗಿ ಸಾಗಿತ್ತು.

ಒಂದು ಬೇಸಿಗೆ, ಹೈದರಾಬಾದಿಗೆ ಕಲ್ಲು ತಲುಪಿಸಲು ಹೋದವರು ಮೂರನೇ ದಿನ ಕಲ್ಲಿನ ಮೇಲಿನ ಕಾರನ್ನೇ ಓಡಿಸಿಕೊಂಡು ವಾಡಿಯ ನಮ್ಮ ಮನೆ ಮುಂದೆ ಬಂದು ನಿಂತರು. ಯಾರದೋ ಶೆಡ್ಡಿನಲ್ಲಿ ನಾಲ್ಕು ವರ್ಷ ಮಲಗಿದ್ದ ಹಳೆಯ ಸ್ಪೋರ್ಟ್ಸ್ ಕಾರು. ಕೆಂಪು ಬಣ್ಣ ಅಲ್ಲಲ್ಲಿ ಮಾಸಿತ್ತು. ನೆಲಕ್ಕೆ ಎಷ್ಟು ತಗ್ಗೆಂದರೆ ನಮ್ಮ ಬಾಗಿಲಿನ ಮೆಟ್ಟಿಲ ಮೇಲೆ ನಿಂತರೆ ಅದರ ನೆತ್ತಿ ಕಾಣುತ್ತಿತ್ತು. ಸದ್ದು ಮಾತ್ರ ಇಡೀ ಓಣಿಗೆ ಸಾಕಾಗುವಷ್ಟಿತ್ತು. ನನಗೆ ಸಿಟ್ಟು ಬಂತು. ಕಾರು ತಂದದ್ದಕ್ಕಲ್ಲ, ನನ್ನನ್ನು ಒಂದು ಮಾತು ಕೇಳದೆ ತಂದದ್ದಕ್ಕೆ. ಇದನ್ನು ಅವರಿಗೆ ಹೇಳಿದೆ. ಎರಡು ದಿನ ಬಿಡದೆ ಹೇಳಿದೆ. ಅವರು ಕಾರು ಒರೆಸುತ್ತ ಕೇಳಿಸಿಕೊಂಡರು.

ಅತ್ತೆ ಹೊರಗೆ ಬಂದು ಕಾರಿಗೆ ಒಂದು ಸುತ್ತು ಹಾಕಿದರು. ಹಿಂದಿನ ಸೀಟು ಎಲ್ಲಿ ಎಂದು ಕೇಳಿದರು. ಇಲ್ಲ ಎಂದು ಮಗ ಹೇಳಿದ ಮೇಲೆ ಇನ್ನೊಂದು ಮಾತಾಡದೆ ಮುಂದಿನ ಸೀಟಿನಲ್ಲಿ ಇಳಿದು ಕುಳಿತುಬಿಟ್ಟರು. ಮೊಣಕಾಲು ನೋವೆಂದು ಕುರ್ಚಿಯ ಮೇಲಷ್ಟೇ ಕೂರುವ ಹೆಂಗಸು, ಆ ಪಾತಾಳಕ್ಕೆ ಹೇಗೆ ಇಳಿದರೋ ತಿಳಿಯದು. ಇಳಿದವರನ್ನು ಮೇಲೆತ್ತಲು ನಾವಿಬ್ಬರೂ ಎರಡೂ ಕೈ ಹಿಡಿದು ಜಗ್ಗಬೇಕಾಯಿತು. ಅಂದಿನಿಂದ ಕಾರು ಎಲ್ಲಿಗೆ ಹೊರಟರೂ ಆ ಸೀಟು ಅವರದು. ಚಿತ್ತಾಪುರದ ಸಂತೆ, ಕುರಕುಂಟಾದ ತಂಗಿಯ ಮನೆ, ಯಾರದೋ ಕೂಸಿನ ತೊಟ್ಟಿಲು, ಎಲ್ಲಕ್ಕೂ ಮಗನ ಪಕ್ಕ ತಲೆಯ ಮೇಲೆ ಸೆರಗು ಹೊದ್ದು ಕುಳಿತು ಹೋಗಿ ಬಂದರು. ನಾನು ಎಂದಿನಂತೆ ಬಸ್ಸಿಗೆ ನಿಲ್ಲುತ್ತಿದ್ದೆ.

ಇನ್ನು ನನ್ನ ಕೆಲಸದ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾನು ಒಂದು ಸಿಮೆಂಟು ಕಾರ್ಖಾನೆಯ ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿ ನೌಕರಿ ಮಾಡುತ್ತೇನೆ. ಎಲ್ಲಿ ಎಷ್ಟು ಕಾವಿದೆ, ಎಷ್ಟು ಒತ್ತಡವಿದೆ ಎಂದು ತೋರಿಸುವ ಮೀಟರುಗಳು ಖರೆ ಹೇಳುತ್ತಿವೆಯೋ ಸುಳ್ಳು ಹೇಳುತ್ತಿವೆಯೋ ಎಂದು ಪರೀಕ್ಷಿಸುವುದು ನನ್ನ ಪಾಲಿನ ಕೆಲಸ. ಮೀಟರ್ ಸುಮ್ಮನೆ ಸುಳ್ಳು ಹೇಳುವುದಿಲ್ಲ. ಹೇಳಿದರೆ ಎಲ್ಲೋ ಒಂದು ತಂತಿ ಸಡಿಲಾಗಿರುತ್ತದೆ, ಇಲ್ಲವೇ ಒಳಗೆ ಧೂಳು ಹೊಕ್ಕಿರುತ್ತದೆ. ಹೆಚ್ಚಿನ ಸಲ ಧೂಳೇ.

ಧೂಳು ಹಿಡಿಯಲು ಕಾರ್ಖಾನೆಯಲ್ಲಿ ಆಳೆತ್ತರದ ದಪ್ಪ ಬಟ್ಟೆಯ ಚೀಲಗಳಿರುತ್ತವೆ. ಹಳೆಯದಾಗಿ ತೆಗೆದುಹಾಕಿದ ಚೀಲಗಳನ್ನು ಒಗೆದು ಒಣಗಿಸಿ ನಮ್ಮ ಕಡೆ ಮನೆಗೆ ಬಳಸುತ್ತಾರೆ. ಟಿವಿಗೆ ಅದೇ ಮುಸುಕು, ನೀರಿನ ಟಾಕಿಯ ಬಾಯಿಗೆ ಅದೇ, ಹೊಲಿಗೆ ಮಷೀನಿಗೂ ಅದೇ. ನಮ್ಮ ಓಣಿಯಲ್ಲಿ ಯಾವ ಮನೆಗೆ ಏನು ಹೊಸದು ಬಂದರೂ ಮೊದಲು ಕುಂಕುಮ ಹಚ್ಚುತ್ತಾರೆ, ಆಮೇಲೆ ಆ ಬೂದು ಬಟ್ಟೆ ಹುಡುಕುತ್ತಾರೆ. ದಿನವಿಡೀ ಕಲ್ಲಿನ ಲಾರಿ ಓಡಾಡುವ ಊರಿನಲ್ಲಿ ಬೇರೆ ದಾರಿಯೂ ಇಲ್ಲ.

ಕಾರು ಬಂದ ಮೂರನೇ ದಿನ, ಸಿಟ್ಟು ಅರ್ಧ ಇಳಿದಿತ್ತು. ಹೇಗೂ ತಂದಾಗಿದೆ, ಸ್ವಚ್ಛವಾದರೂ ಇರಲಿ ಎಂದುಕೊಂಡು ನಾನೇ ಕತ್ತರಿ, ಬಟ್ಟೆ ಹಿಡಿದು ಕುಳಿತೆ. ಕಾರಿನ ಮುಂದಿನ ಬಂಪರಿನಲ್ಲಿ ಮೂರು ಬಾಯಿ. ನಡುವಿನ ದೊಡ್ಡದರ ಹಿಂದೆ ರೇಡಿಯೇಟರು, ಅದಕ್ಕೆ ಗಾಳಿ ಬೇಕೆಂದು ನನಗೂ ಗೊತ್ತು, ಅದನ್ನು ಮುಟ್ಟಲಿಲ್ಲ. ಬಲಗಡೆಯ ಸಣ್ಣ ಬಾಯಿ ಬರೀ ಶೋಕಿಯದು, ಒಳಗೆ ಪ್ಲಾಸ್ಟಿಕ್ಕಿನಿಂದ ಮುಚ್ಚಿತ್ತು. ಎಡಗಡೆಯದು ತೆರೆದಿತ್ತು. ಇದರ ಪ್ಲಾಸ್ಟಿಕ್ಕು ಮುರಿದು ಬಿದ್ದಿರಬೇಕು, ಇಲ್ಲಿಂದಲೇ ಧೂಳು ಇಂಜಿನ್ನಿಗೆ ಹೋಗುತ್ತದೆ ಎಂದು ನನ್ನ ಪಂಡಿತ ತಲೆಗೆ ಹೊಳೆಯಿತು. ಎರಡು ಪದರು ಬಟ್ಟೆ ಕತ್ತರಿಸಿ, ಚಂದ ಕೆಡಬಾರದೆಂದು ಜಾಳಿಗೆಯ ಹಿಂದಿನಿಂದ, ಕೆಳಗಿನಿಂದ ಕೈ ಹಾಕಿ ತೆಳು ತಂತಿಯಿಂದ ಬಿಗಿದೆ. ಹೊರಗಿನಿಂದ ಕಾಣುತ್ತಲೇ ಇರಲಿಲ್ಲ. ಕೈ ತೊಳೆದುಕೊಂಡು ಒಳಗೆ ಹೋಗಿ ರೊಟ್ಟಿ ಬಡಿದೆ. ಆ ಬಟ್ಟೆಯನ್ನು ಮರೆತುಬಿಟ್ಟೆ. ಟಾಕಿಗೆ ಕಟ್ಟಿದ ಬಟ್ಟೆಯನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ತಿಂಗಳ ಮೇಲೆ ಒಂದು ರವಿವಾರ ಅತ್ತೆ ತೆಂಗಳಿಯ ಬೀಗರ ಮನೆಗೆ ಹೋಗಿ ಅಲ್ಲೇ ಉಳಿದರು. ಸೀಟು ಖಾಲಿ ಇತ್ತು. ಗಂಡ ಕಾರಿನ ಬಾಗಿಲು ತೆರೆದು ನನ್ನ ಕಡೆ ನೋಡಿದರು, ಸಾರಿನ ಪಾತ್ರೆ ನೋಡಿದ ಹಾಗೆ. ನಾನು ಬೇಕೋ ಬೇಡವೋ ಎಂಬಂತೆ ಮುಖ ಮಾಡಿ ಹತ್ತಿದೆ, ಹತ್ತಿದೆ ಅನ್ನುವುದಕ್ಕಿಂತ ಇಳಿದೆ. ವಾಡಿಯಿಂದ ಚಿತ್ತಾಪುರ, ಅಲ್ಲಿಂದ ದಂಡೋತಿಯ ಕಡೆ. ರಸ್ತೆ ಬರಿದಾಗಿತ್ತು. ತೊಗರಿ ಹೊಲಗಳು ಕಿಟಕಿಯ ಮಟ್ಟದಲ್ಲಿ ಓಡಿದವು. ನಿಜ ಹೇಳಬೇಕೆಂದರೆ ಬಹಳ ಖುಷಿಯಾಯಿತು, ಆದರೆ ಅದನ್ನು ಅವರಿಗೆ ಹೇಳುವಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ.

ಕಾಗಿಣಾ ನದಿಯ ಸೇತುವೆ ಹತ್ತಿರ ಬಂದಾಗ ನನ್ನ ಕಣ್ಣು ಡ್ಯಾಶ್‌ಬೋರ್ಡಿನ ಮೇಲೆ ಹೋಯಿತು. ಅಲ್ಲಿ ಕಾವಿನ ಮೀಟರು ಎರಡು. ಒಂದು ನೀರಿನದು, ಅದರ ಮುಳ್ಳು ನಡುವೆ ನೆಟ್ಟಗೆ ನಿಂತಿತ್ತು. ಇನ್ನೊಂದು ಇಂಜಿನ್ ಎಣ್ಣೆಯದು. ಅದರ ಮುಳ್ಳು ನೂರಾ ಮೂವತ್ತೈದು ಡಿಗ್ರಿ ತೋರಿಸುತ್ತಿತ್ತು. ಅದರ ಪಕ್ಕದಲ್ಲೇ ಕೆಂಪು ಪಟ್ಟಿ. ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದರೆ ಗಂಡನಿಗೆ ಗೊತ್ತಿರಲಿಲ್ಲ. ಅವರು ಅಷ್ಟು ದಿನ ರಸ್ತೆ ನೋಡಿದ್ದರು, ಸದ್ದು ಕೇಳಿದ್ದರು, ಆ ಮುಳ್ಳನ್ನು ನೋಡಿಯೇ ಇರಲಿಲ್ಲ. ಎಣ್ಣೆ ಅಷ್ಟು ಕಾದರೆ ತೆಳುವಾಗುತ್ತದೆ, ತೆಳುವಾದರೆ ಒಳಗಿನ ಕಬ್ಬಿಣ ಕಬ್ಬಿಣಕ್ಕೆ ತಿಕ್ಕಿ ಇಂಜಿನ್ ಹಾಳಾಗುತ್ತದೆ ಎಂದು ನಾನು ಹೇಳಿದೆ. ವಾಪಸು ಬರುವಾಗ ಅವರು ನಲವತ್ತರ ಮೇಲೆ ಓಡಿಸಲಿಲ್ಲ. ಸೈಕಲ್ಲಿನವರು ತಿರುಗಿ ತಿರುಗಿ ನೋಡಿದರು.

ಅಂದಿನಿಂದ ಕಾರು ನನ್ನ ಸುಪರ್ದಿಗೆ ಬಂತು. ಕಾರು ಇಷ್ಟವಿರಲಿಲ್ಲ, ಆದರೆ ಒಂದು ಮೀಟರು ಏನೋ ಹೇಳುತ್ತಿರುವಾಗ ಸುಮ್ಮನೆ ಕೂರುವುದು ನನ್ನಿಂದ ಆಗದ ಮಾತು. ಮೊದಲು ಮೀಟರಿನ ಮೇಲೇ ಅನುಮಾನ. ಇಂಜಿನ್ನಿನ ಎಣ್ಣೆಯಲ್ಲಿ ಮುಳುಗಿರುವ ಸೆನ್ಸರ್ ಬಿಚ್ಚಿಸಿ ಮನೆಗೆ ತಂದೆ. ಭಜಿ ಕರಿಯುವ ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಒಂದು ಕಡೆ ನನ್ನ ಥರ್ಮಾಮೀಟರು, ಒಂದು ಕಡೆ ಸೆನ್ಸರ್ ಇಳಿಬಿಟ್ಟು, ಹತ್ತು ಹತ್ತು ಡಿಗ್ರಿಗೆ ಒಮ್ಮೆ ಬರೆದುಕೊಂಡೆ. ಸೆನ್ಸರ್ ಅಚ್ಚುಕಟ್ಟಾಗಿ ಖರೆ ಹೇಳುತ್ತಿತ್ತು. ಅತ್ತೆ ಮಾತ್ರ ಆ ಬಾಣಲೆಯನ್ನು ಮೂರು ಸಲ ಬೂದಿ ಹಾಕಿ ತಿಕ್ಕಿಸಿದರು, ಆ ಎಣ್ಣೆಯ ಭಜಿ ತಾವು ತಿನ್ನುವುದಿಲ್ಲವೆಂದು ಸಾರಿದರು. ಎಣ್ಣೆ ಚೆಲ್ಲಿದ್ದೇನೆಂದು ಹೇಳಿದರೂ ವಾರವಿಡೀ ಪಲ್ಯದ ವಾಸನೆ ನೋಡಿಯೇ ಬಾಯಿಗಿಟ್ಟರು.

ಆಮೇಲೆ ತಂತಿಗಳನ್ನು ನೋಡಿದೆ, ಅರ್ಥಿಂಗ್ ನೋಡಿದೆ. ಎಲ್ಲ ಸರಿ. ಎಣ್ಣೆಯ ಮಟ್ಟ ಸರಿ. ಎಣ್ಣೆ ಹಳೆಯದೇನೋ ಎಂದು ಬದಲಾಯಿಸಿದೆವು. ನಿಂತಲ್ಲೇ ಇಂಜಿನ್ ಓಡಿಸಿದರೆ ಮುಳ್ಳು ನೂರರ ಆಸುಪಾಸು ನಿಲ್ಲುತ್ತಿತ್ತು. ರಸ್ತೆಗೆ ಬಿಟ್ಟು ವೇಗ ಹೆಚ್ಚಿಸಿದರೆ ಏರುತ್ತಿತ್ತು. ಓಡುವಾಗ ಗಾಳಿ ಹೆಚ್ಚು ಬಡಿಯುತ್ತದೆ, ತಣ್ಣಗಾಗಬೇಕಲ್ಲ ಎಂಬ ಪ್ರಶ್ನೆ ಅಲ್ಲೇ ಕಣ್ಣ ಮುಂದಿತ್ತು. ಅದನ್ನು ಹಿಡಿಯಲಿಲ್ಲ. ಸುತ್ತಿನ ನಾಲ್ಕು ತಾಲ್ಲೂಕಿನಲ್ಲಿ ಕಾವಿನ ವಿಷಯ ನನಗಿಂತ ಚೆನ್ನಾಗಿ ಯಾರಿಗೂ ತಿಳಿಯದು ಎಂಬ ಹಮ್ಮಿನಲ್ಲಿದ್ದೆ.

ಕೊನೆಗೆ ಸೇಡಂನ ಒಬ್ಬ ಉಸ್ತಾದರ ಹತ್ತಿರ ಒಯ್ದೆವು. ಅವರು ಜೀವನವಿಡೀ ಲಾರಿಯ ಇಂಜಿನ್ ಬಿಚ್ಚಿದವರು. ಕಾರಿನ ಸುತ್ತ ತಿರುಗಿ, ಕಿವಿಯಿಟ್ಟು ಸದ್ದು ಕೇಳಿ, ಇಂತಹ ಗಾಡಿಗೆ ತಾವು ಕೈ ಹಚ್ಚಿಲ್ಲವೆಂದು ಮೊದಲೇ ಒಪ್ಪಿಕೊಂಡರು. ಆ ಮಾತಿಗೇ ಅವರ ಮೇಲೆ ನನಗೆ ಗೌರವ ಹುಟ್ಟಿತು.

"ನೀರ ಸರಿ ಅದ, ಎಣ್ಣಿ ಅಷ್ಟೇ ಕಾಯಾಕತ್ತದಂದ್ರ ಒಳಗ ಏನೋ ತಿಕ್ಕಾಕತ್ತದ್ರಿ ಮೇಡಂ," ಎಂದರು. "ಇಂಜಿನ್ ಬಿಚ್ಚಿ ನೋಡಬೇಕು. ಬಿಚ್ಚಿದ ಮ್ಯಾಗ ಸಾಮಾನ ಸಿಗದಿದ್ರ ನನಗ ಬೈಬ್ಯಾಡ್ರಿ."

ಸಾಮಾನು ಸಿಗುವುದಿಲ್ಲವೆಂದು ನಮಗೂ ಗೊತ್ತಿತ್ತು. ಬಿಚ್ಚಿದ ಕಾರು ಯಾರ್ಡಿನ ಮೂಲೆಯಲ್ಲಿ ಬಿದ್ದರೆ ಅಲ್ಲೇ ಅದರ ಕಥೆ ಮುಗಿಯುತ್ತಿತ್ತು. ಓಡುತ್ತಿರುವಾಗಲೇ ದೋಷ ಹೇಳಿ ಮಾರಿಬಿಡುವುದು ಒಳ್ಳೆಯದೆಂದು ನಾನು ದಾರಿಯುದ್ದಕ್ಕೂ ಹೇಳಿದೆ. ಹೇಳುವಾಗ ನನ್ನ ದನಿಯಲ್ಲಿ ಸ್ವಲ್ಪ ಸಂತೋಷವೂ ಇದ್ದಿರಬೇಕು. ಕೇಳದೆ ತಂದದ್ದು ಹೀಗೇ ಆಗುತ್ತದೆ ಎಂದೂ ಅಂದೆ. ಗಂಡ ಸ್ಟೀರಿಂಗ್ ಹಿಡಿದು ರಸ್ತೆ ನೋಡುತ್ತಿದ್ದರು.

ಅದಾಗಿ ಒಂದು ವಾರದ ಮೇಲೆ, ಸೋಮವಾರ ಸಂಜೆ, ಯಾರ್ಡಿಗೆ ರಜೆ ಇದ್ದ ದಿನ. ಅವರು ಮಧ್ಯಾಹ್ನವೆಲ್ಲ ಕಾರು ತೊಳೆದಿದ್ದರು. ಊಟಕ್ಕೆ ಕುಳಿತಾಗ ರೊಟ್ಟಿ ಮುರಿಯುತ್ತ, "ಮಾರಿಬಿಡಮು ಗಾಡಿ," ಎಂದರು.

ನಾನು ನಿರೀಕ್ಷಿಸಿರಲಿಲ್ಲ. ಇನ್ನೂ ಒಂದು ತಿಂಗಳ ಜಗಳಕ್ಕೆ ಸರಕು ಜೋಡಿಸಿಟ್ಟಿದ್ದೆ, ಅದೆಲ್ಲ ಹಾಗೇ ಉಳಿಯಿತು. ಎರಡೇ ದಿನದಲ್ಲಿ ಗಿರಾಕಿಯೂ ಸಿಕ್ಕರು. ಚಿಂಚೋಳಿ ದಾಟಿ ತೆಲಂಗಾಣದ ಗಡಿಯಾಚೆ ಇರುವ ಒಬ್ಬ ಡಾಕ್ಟರು. ಎಣ್ಣೆ ಕಾಯುತ್ತದೆ ಎಂದು ಹೇಳಿದರೂ ಇರಲಿ ಎಂದು ಒಪ್ಪಿದ್ದರು, ರವಿವಾರ ಬಂದು ಒಯ್ಯುವುದಾಗಿ ಹೇಳಿದ್ದರು. ನಾನು ಗೆದ್ದಿದ್ದೆ. ಗೆದ್ದವರಿಗೆ ಇರಬೇಕಾದ ಹುಮ್ಮಸ್ಸು ಮಾತ್ರ ಬರಲಿಲ್ಲ. ಆ ವಾರ ಅವರು ಕಾರನ್ನು ಬಹಳ ನಿಧಾನ ಓಡಿಸಿದರು, ಮುಳ್ಳು ನೂರಾ ಹದಿನೈದು ದಾಟಲಿಲ್ಲ. ಹೊಸ ಎಣ್ಣೆಯ ಗುಣ ಈಗ ಕಾಣುತ್ತಿದೆ ಎಂದು ನಾನು ತೀರ್ಪು ಕೊಟ್ಟೆ.

ಶನಿವಾರ ನನಗೆ ರಜೆ. ಮಾರುವುದು ಮಾರುವುದೇ, ಆದರೆ ದೋಷ ಎಲ್ಲಿದೆ ಎಂದು ತಿಳಿಯದೆ ಕಾರು ಕೈಬಿಟ್ಟು ಹೋದರೆ ನನಗೆ ಸಮಾಧಾನವಿರಲಿಲ್ಲ. ಶುಕ್ರವಾರವೇ ಸಾಹೇಬರನ್ನು ಕೇಳಿ, ಗೇಟಿನಲ್ಲಿ ಬರೆಸಿ, ಕಾವು ಅಳೆಯುವ ಗನ್ನು ತಂದಿದ್ದೆ. ಗುರಿಯಿಟ್ಟು ಒತ್ತಿದರೆ ಎದುರಿನ ವಸ್ತು ಎಷ್ಟು ಕಾದಿದೆ ಎಂದು ಅಂಕಿ ತೋರಿಸುತ್ತದೆ. ಗಂಡ ಮೋಟರ್‌ಸೈಕಲ್ ಮೇಲೆ ಯಾರ್ಡಿಗೆ ಹೋದ ಮೇಲೆ ಕಾರು ತೆಗೆದೆ, ಕಾರ್ಖಾನೆಯ ಜೀಪು ಓಡಿಸಿ ನನಗೂ ಕೈ ಪಳಗಿತ್ತು. ಚಿತ್ತಾಪುರದ ತನಕ ಜೋರಾಗಿ ಓಡಿಸಿ ಎಣ್ಣೆ ಕಾಯಿಸಿ ತರುವುದು ನನ್ನ ಯೋಜನೆ. ಬಾಗಿಲು ತೆರೆಯುವಷ್ಟರಲ್ಲಿ ಅತ್ತೆ ಸೀಟಿನಲ್ಲಿದ್ದರು. ಗನ್ನು ಅವರ ತೊಡೆಯ ಮೇಲಿಟ್ಟೆ. ಹೋಗುತ್ತ ಬರುತ್ತ ಅವರು ಅದನ್ನು ಗಾಜಿಗೆ, ತಮ್ಮ ಕೈಗೆ, ನನ್ನ ಗಲ್ಲಕ್ಕೆ ಹಿಡಿದು ನೋಡಿದರು. ನನ್ನ ಗಲ್ಲ ತಮ್ಮದಕ್ಕಿಂತ ಕಾದಿದೆ ಎಂಬುದು ಅವರಿಗೆ ಆಶ್ಚರ್ಯವೆನಿಸಲಿಲ್ಲ.

ಮನೆ ಮುಂದೆ ನಿಲ್ಲಿಸಿ, ಅತ್ತೆಯನ್ನು ಜಗ್ಗಿ ಮೆಟ್ಟಿಲ ಮೇಲೆ ಕೂರಿಸಿ, ಬಾನೆಟ್ ಎತ್ತಿದೆ. ಇಂಜಿನ್ನಿನಿಂದ ಎರಡು ರಬ್ಬರ್ ಪೈಪು ಎಡಗಡೆಯ ಮೂಲೆಗೆ ಇಳಿದಿದ್ದವು. ಒಂದರಲ್ಲಿ ಕಾದ ಎಣ್ಣೆ ಹೋಗಬೇಕು, ಇನ್ನೊಂದರಲ್ಲಿ ತಣ್ಣಗಾಗಿ ಬರಬೇಕು. ಮೊದಲನೆಯದಕ್ಕೆ ಗನ್ನು ಹಿಡಿದೆ, ನೂರಾ ಇಪ್ಪತ್ತು. ಎರಡನೆಯದಕ್ಕೆ ಹಿಡಿದೆ, ನೂರಾ ಹದಿನೆಂಟು. ಎಣ್ಣೆ ಹೋಗುತ್ತಿದೆ, ಬರುತ್ತಿದೆ, ಆದರೆ ಎಲ್ಲಿಗೆ ಹೋಗುತ್ತದೋ ಅಲ್ಲಿ ತಣ್ಣಗಾಗುತ್ತಿಲ್ಲ. ಇಂಜಿನ್ನಿನಲ್ಲಿ ಏನೂ ತಿಕ್ಕುತ್ತಿಲ್ಲ, ಎಣ್ಣೆಗೆ ಗಾಳಿಯೇ ತಾಕುತ್ತಿಲ್ಲ. ಪೈಪಿನ ದಾರಿ ಹಿಡಿದು ನೆಲಕ್ಕೆ ಮಂಡಿಯೂರಿ ಬಂಪರಿನ ಕೆಳಗೆ ಬ್ಯಾಟರಿ ಬೆಳಕು ಬಿಟ್ಟೆ. ಎಡಗಡೆಯ ಸಣ್ಣ ಬಾಯಿಯ ಹಿಂದೆ ಅಂಗೈ ಅಗಲದ ಪುಟ್ಟ ರೇಡಿಯೇಟರು, ಎಣ್ಣೆ ತಣ್ಣಗಾಗುವ ಜಾಗ. ಅದರ ಮುಂದೆ ಎರಡು ಪದರು ಬೂದು ಬಟ್ಟೆ.

ಯಾರ ಬಟ್ಟೆ ಎಂದು ಕೇಳಬೇಕಾಗಿರಲಿಲ್ಲ. ಕತ್ತರಿಯ ಓರೆ ನನ್ನದೇ.

ಸಿಕ್ಕಿತೇನು ಎಂದು ಅತ್ತೆ ಕೇಳಿದರು. ಇನ್ನೂ ನೋಡುತ್ತಿದ್ದೇನೆ ಎಂದೆ. ಒಳಗೆ ಹೋಗಿ ಚಹಾ ಮಾಡಿಕೊಂಡು ಕುಡಿಯುತ್ತ ನಿಂತೆ. ಆ ಚಹಾ ಮುಗಿಯುವ ತನಕ ನನ್ನ ತಲೆಯಲ್ಲಿ ಓಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ನಾಳೆ ಮುಂಜಾನೆ ಗಿರಾಕಿ ಬರುತ್ತಾರೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಕಾರು ಹೋಗುತ್ತದೆ. ಕಾರ್ಖಾನೆಯ ಇನ್‌ಸ್ಟ್ರುಮೆಂಟ್ ಮೇಡಂ ತಾನೇ ಕಟ್ಟಿದ ಬಟ್ಟೆಯನ್ನು ಎರಡು ತಿಂಗಳು ಹುಡುಕಿದಳು ಎಂದು ಯಾರೂ ನಗುವುದಿಲ್ಲ. ಸೀಟಿನ ರಗಳೆಯೂ ತೀರುತ್ತದೆ. ಗಂಡ ಮತ್ತೆ ಕಲ್ಲಿನ ಮೇಲೆ ಬರೆದುಕೊಂಡು ಇರುತ್ತಾರೆ, ಮೊದಲು ಇರಲಿಲ್ಲವೇ? ಹೀಗೆ ವಿಚಾರ ಮಾಡುತ್ತಿದ್ದಂತೆ ಅವರು ಸೀಮೆಸುಣ್ಣ ಹಿಡಿದು ಬಗ್ಗಿ ಕುಳಿತದ್ದು ಕಣ್ಣಿಗೆ ಕಟ್ಟಿತು. ಈಗ ಆ ಚಿತ್ರ ಬರೆದರೆ ಅದು ಕೈಯಿಂದ ಜಾರಿದ ಕಾರಿನ ಚಿತ್ರವಾಗುತ್ತದೆ. ಲೋಟ ಅಲ್ಲೇ ಬಿಟ್ಟು ಹೊರಗೆ ಬಂದೆ.

ಬಟ್ಟೆ ಬಿಚ್ಚಲು ಕೆಳಗಿನಿಂದ ಕೈ ಹಾಕಿದೆ. ತಂತಿ ಸಿಗಲಿಲ್ಲ. ಬೆರಳಿಗೆ ಸಿಕ್ಕಿದ್ದು ಸುತಳಿ. ಯಾರ್ಡಿನಲ್ಲಿ ಕಲ್ಲುಗಳ ನಡುವೆ ಹುಲ್ಲಿಟ್ಟು ಬಿಗಿಯುವ ದಪ್ಪ ಸುತಳಿ, ಗಂಟೂ ಯಾರ್ಡಿನದೇ. ಬಿಚ್ಚಿ ಹೊರಗೆ ತೆಗೆದು ನೋಡಿದರೆ ನನ್ನ ತಂತಿಯ ಒಂದು ತುಂಡು ಬಟ್ಟೆಯ ತೂತಿನಲ್ಲಿ ಇನ್ನೂ ಸಿಕ್ಕಿಕೊಂಡಿತ್ತು, ಕತ್ತರಿಸಿದ ತುಂಡು.

ಅಂದರೆ ಅವರು ನೋಡಿದ್ದಾರೆ. ತೊಳೆಯುವಾಗ ನೋಡಿದ್ದಾರೆ, ತಂತಿ ಕತ್ತರಿಸಿ ಬಟ್ಟೆ ತೆಗೆದಿದ್ದಾರೆ, ಮತ್ತೆ ಅದನ್ನೇ ಅಲ್ಲಿಯೇ ಕಟ್ಟಿದ್ದಾರೆ. ಆಮೇಲೆ ಬಂದು ರೊಟ್ಟಿ ಮುರಿಯುತ್ತ ಮಾರಿಬಿಡೋಣ ಎಂದಿದ್ದಾರೆ. ವಾರವಿಡೀ ನಿಧಾನ ಓಡಿಸಿದ್ದು ಇಂಜಿನ್ ಉಳಿಸಲು. ಇಷ್ಟು ಅರ್ಥವಾಗಲು ನನಗೆ ಯಾವ ಗನ್ನೂ ಬೇಕಾಗಲಿಲ್ಲ. ಯಾಕೆ ಮತ್ತೆ ಕಟ್ಟಿದರು ಎಂಬುದು ಅರ್ಥವಾದಾಗ ಸಿಟ್ಟು ಬಂತು. ಬಟ್ಟೆಯನ್ನು ಪಕ್ಕದ ಸೀಟಿಗೆ ಒಗೆದು ಕಾರು ಹೊರಡಿಸಿದೆ. ತಮ್ಮನ್ನು ಬಿಟ್ಟು ಹೋಗುತ್ತಿರುವುದಕ್ಕೆ ಅತ್ತೆ ಮೆಟ್ಟಿಲ ಮೇಲಿಂದ ಏನೋ ಅಂದರು, ಕೇಳಿಸಿಕೊಳ್ಳಲಿಲ್ಲ.

ಶಹಾಬಾದಿನ ತನಕ ಎಷ್ಟು ಜೋರಾಗಿ ಓಡಿಸಿದೆನೆಂದು ಬರೆಯುವುದು ಬೇಡ. ಎಣ್ಣೆಯ ಮುಳ್ಳು ತೊಂಬತ್ತೈದಕ್ಕೆ ಬಂದು ನಿಂತಿತ್ತು, ಅಲ್ಲಿಂದ ಅಲುಗಲಿಲ್ಲ. ಬೇರೆ ದಿನವಾಗಿದ್ದರೆ ಕುಣಿಯುತ್ತಿದ್ದೆ.

ಅವರು ಯಾರ್ಡಿನ ಹೊರಗೆ ಒಂದು ಕಲ್ಲಿಗೆ ಅಳತೆಪಟ್ಟಿ ಹಿಡಿದು ನಿಂತಿದ್ದರು. ನಾನು ಬಟ್ಟೆಯನ್ನು ಆ ಕಲ್ಲಿನ ಮೇಲೆ ಇಟ್ಟೆ. ಅವರು ನೋಡಿದರು, ಆಳುಗಳಿಗೆ ಚಹಾಕ್ಕೆ ಹೋಗಿ ಬರಲು ಕೈಸನ್ನೆ ಮಾಡಿದರು.

"ಸೋಮವಾರ ನೋಡಿದ್ರಿ. ಯಾಕ ಕೇಳಲಿಲ್ಲ ನನಗ?" ಎಂದೆ.

ಅವರು ಅಳತೆಪಟ್ಟಿ ಸುತ್ತಿಟ್ಟರು.

"ನಿನಗ ಗಾಡಿ ಬ್ಯಾಡಾಗಿತ್ತು. ಕಾಣಬಾರದಂತ ಜಾಳಿಗಿ ಹಿಂದ ಕಟ್ಟಿದ್ದಿ. ನಾ ಕೇಳಿದ್ರ ನೀ ಸುಳ್ಳ ಹೇಳಬೇಕಾಗ್ತಿತ್ತು," ಎಂದರು. "ಅದು ಬ್ಯಾಡ ಅನಿಸ್ತು."

ಇಪ್ಪತ್ತೆರಡು ವರ್ಷ ಜೊತೆಗಿದ್ದ ಮನುಷ್ಯ ನಾನು ಕಳ್ಳತನದಿಂದ ಅವರ ಕಾರು ಕೆಡಿಸಿದೆ ಎಂದು ನಂಬಿದ್ದರು. ನಂಬಿಯೂ ನನ್ನ ಮರ್ಯಾದೆ ಹೋಗಬಾರದೆಂದು, ಅಷ್ಟೂ ವರ್ಷ ಕಲ್ಲಿನ ಮೇಲೆ ಬರೆದುಕೊಂಡ ವಸ್ತುವನ್ನು ಬಾಯಿಮುಚ್ಚಿ ಕೊಟ್ಟುಬಿಡಲು ಹೊರಟಿದ್ದರು. ಮೊದಲನೆಯದಕ್ಕೆ ಜಗಳ ತೆಗೆಯಬೇಕೋ, ಎರಡನೆಯದಕ್ಕೆ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದೆ. ಧೂಳು ಹೋಗಬಾರದೆಂದು ಕಟ್ಟಿದೆ, ಚಂದ ಕೆಡಬಾರದೆಂದು ಹಿಂದೆ ಕಟ್ಟಿದೆ, ಕಟ್ಟಿ ಮರೆತೆ ಎಂದು ಅಳುತ್ತ, ಬೈಯುತ್ತ ಹೇಳಿದೆ. ಹೇಳುವಾಗ ನನಗೇ ಅದು ಸುಳ್ಳಿನಂತೆ ಕೇಳಿಸಿತು. ಬಾಣಲೆಯಲ್ಲಿ ಇಳಿಬಿಟ್ಟು, ನೋಡ್ರಿ ಇದು ಖರೆ ಎಂದು ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ.

ಅವರು ನಲ್ಲಿಯಲ್ಲಿ ಕೈ ತೊಳೆದುಕೊಂಡರು. ಮೊಬೈಲ್ ತೆಗೆದು ಡಾಕ್ಟರಿಗೆ ಫೋನ್ ಮಾಡಿ, ಗಾಡಿ ಕೊಡುವುದಿಲ್ಲವೆಂದು, ತಪ್ಪು ತಿಳಿಯಬೇಡಿರೆಂದು ಹೇಳಿದರು. ಆಮೇಲೆ ಬಂದು ಕಾರಿನ ಪಕ್ಕದ ಸೀಟಿನಲ್ಲಿ ಕುಳಿತರು. ಓಡಿಸಲು ನನಗೆ ಬಿಟ್ಟಿದ್ದರು.

ಶಹಾಬಾದು ದಾಟಿ ವಾಡಿಯ ರಸ್ತೆಗೆ ಬಂದೆವು. ಮುಂದೆ ಒಂದು ಕಲ್ಲಿನ ಲಾರಿ, ಅದನ್ನು ದಾಟಿದೆ. ಅವರು ಎಣ್ಣೆಯ ಮುಳ್ಳನ್ನು ಒಮ್ಮೆ ನೋಡಿ ಕಿಟಕಿಯ ಕಡೆ ತಿರುಗಿದರು. ಆಮೇಲೆ, ಎಂದೂ ಏನನ್ನೂ ಕೇಳದ ಅವರ ಬಾಯಿಂದ ಒಂದು ಪ್ರಶ್ನೆ ಬಂತು.

"ಖರೇನ ಧೂಳಿಗಂತ ಕಟ್ಟಿದ್ದೇನು?"

ಕೊನೆಗೂ ಕೇಳಿದರಲ್ಲ. ಹೌದು ಎಂದಷ್ಟೇ ಹೇಳಿ ಸುಮ್ಮನಿರಬಹುದಿತ್ತು, ಆದರೆ ಅವರು ಅಷ್ಟು ಕಷ್ಟಪಟ್ಟು ಕೇಳಿದ್ದಕ್ಕೆ ಅರ್ಧ ಉತ್ತರ ಕೊಡಲು ಮನಸ್ಸಾಗಲಿಲ್ಲ.

"ಹೌದ್ರಿ, ಧೂಳಿಗಂತನೇ," ಎಂದೆ. "ಆದ್ರ ಇವತ್ತ ಮುಂಜಾನಿ ನೋಡಿದ ಮ್ಯಾಗ, ಹಂಗೇ ಇರಲಿ ಬಿಡು ಅಂತ ಒಂದ ಚಹಾ ಕುಡಿಯೋ ತನಕ ವಿಚಾರ ಮಾಡಿದ್ದೆ."

ಅವರು ನನ್ನ ಕಡೆ ತಿರುಗಿ ನೋಡಿದರು. ಆಮೇಲೆ ನಗಲು ಶುರು ಮಾಡಿದರು. ಸದ್ದಿಲ್ಲದೆ, ಹೊಟ್ಟೆ ಹಿಡಿದುಕೊಂಡು, ಆ ತಗ್ಗು ಸೀಟಿನಲ್ಲಿ ಮೊಣಕಾಲು ಎದೆಗೆ ತಾಗುವ ಹಾಗೆ ಬಗ್ಗಿ ನಕ್ಕರು. ಎಷ್ಟು ದೊಡ್ಡ ಲೋಟ ಎಂದು ಕೇಳಿದರು. ಸಣ್ಣದು ಎಂದೆ. ಅದಕ್ಕೂ ನಕ್ಕರು. ನಾನು ಇನ್ನೂ ಮೂಗು ಒರೆಸಿಕೊಳ್ಳುತ್ತಿದ್ದೆ, ಒಂದೇ ಕೈಯಲ್ಲಿ ಓಡಿಸುತ್ತಿದ್ದೆ. ವಾಡಿಯ ತಿರುವು ಬಂದಾಗ ಅವರು ಕೈ ಮುಂದೆ ಮಾಡಿ, ಮನೆಯ ದಾರಿ ಬಿಟ್ಟು ಚಿತ್ತಾಪುರದ ರಸ್ತೆ ತೋರಿಸಿದರು.